ನೂರ ಹದಿನಾಲ್ಕನೆಯ ಸಹಿ

“ತಿರುಗಿ ನಿಲ್ಲಿ! ಎಲ್ಲಾರೂ ಆ ಕಡೆ ತಿರುಗಿ ನಿಲ್ಲಿ!” ಪುರೋಹಿತ ಗದರಿದ.

ಚೀನಿಯರ ಪದ್ಧತಿಯಲ್ಲಿ ಶವಪೆಟ್ಟಿಗೆಗೆ ಮೊಳೆ ಹೊಡೆಯುವಾಗ ಯಾರೂ ನೋಡಕೂಡದು. ಮನೆಯ ಮುಂದೆ ಹಾಕಿದ್ದ ಶಾಮಿಯಾನದ ಕೆಳಗಿನ ಮೂವತ್ತು ಮೂವತ್ತೈದು ಜನ ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು ಎದ್ದು ರಸ್ತೆಯ ಕಡೆ ಮುಖ ಮಾಡಿದರು. ಚೆಗು ನೋರ್ದಿನ್ ಒಬ್ಬರು ಮಾತ್ರ ಕತ್ತು ಉದ್ದ ಮಾಡಿ ಪೆಟ್ಟಿಗೆಯ ಒಳಗೇ ನೋಡುತ್ತಿದ್ದರು.

ಪುಷ್ಪಲೀಲಾ ಅವರ ತೋಳು ಹಿಡಿದು ಎಳೆದಳು. “ಚೆಗು, ತಿರುಗಿ ಅಂದ್ರೆ ತಿರುಗಬಾರದಾ? ಏನ್ ನೋಡ್ತಾ ಇದ್ದೀರಾ?”

“ನೀಲಿ ಫೈಲು.”

“ಪೆಟ್ಟಿಗೇಲಾ!”

“ಮಗಳು ಟೋಪಿ ಇಟ್ಟಳು, ಬೀಸಣಿಗೆ ಇಟ್ಟಳು, ಅವನ ಹಳೇ ಸ್ವೆಟರ್ ಇಟ್ಟಳು. ಪ್ರೀತಿ ಉಕ್ಕಿ ಫೈಲೂ ಇಟ್ಟುಬಿಟ್ಟಿದ್ರೆ ನಮ್ಮ ಗತಿ ಏನು? ಅದನ್ನ ಬಿಟ್ಟು ಆ ಮನುಷ್ಯ ಕಕ್ಕಸ್ಸಿಗೂ ಹೋಗ್ತಿರಲಿಲ್ಲ.”

“ಇದೆಯಾ ಮತ್ತೆ?”

“ಇಲ್ಲ. ಕಾಲ ಹತ್ರ ಏನೋ ನೀಲಿ ಕಾಣಿಸ್ತು. ಕಾಲುಚೀಲ.”

ನಾಲ್ಕು ಮೊಳೆ ಹೊಡೆದಾಯಿತು. ಜನ ಮತ್ತೆ ತಿರುಗಿ ಕೂತರು. ಚೆಗು ಎಂದರೆ ಮೇಷ್ಟ್ರು. ನೋರ್ದಿನ್ ಹೆಡ್‌ಮಾಸ್ಟರಾಗಿ ನಿವೃತ್ತರಾಗಿ ಹದಿನೈದು ವರ್ಷವಾದರೂ ಇಪೋ ಪಟ್ಟಣದ ಈ ಕಡೆಯವರಿಗೆಲ್ಲ, ಚೀನಿಯರಿರಲಿ ತಮಿಳರಿರಲಿ, ಅವರು ಚೆಗುವೇ. ಮೂರು ದಿನದಿಂದ ಅವರು ಈ ಶಾಮಿಯಾನ ಬಿಟ್ಟು ಕದಲಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಲೋಕ್ ಕಮ್ ಸೆಂಗ್ ಅವರ ಸ್ನೇಹಿತ. ದುಃಖವೇನೂ ಸುಳ್ಳಲ್ಲ. ಆದರೆ ಅವರ ಕಣ್ಣು ಗಳಿಗೆಗೊಮ್ಮೆ ಗಡಿಯಾರಕ್ಕೆ ಹೋಗುತ್ತಿದ್ದುದೂ ಸುಳ್ಳಲ್ಲ.

ವಿಷಯ ಇಷ್ಟೇ. ಬಸ್ ನಿಲ್ದಾಣದ ಹಿಂದಿರುವ ಪರ್ಮಾತಾ ಪ್ಲಾಜಾ ಎಂಬ ಮೂರಂತಸ್ತಿನ ಮಾಲಿನಲ್ಲಿ ನೂರ ಹದಿನಾಲ್ಕು ಮಳಿಗೆಗಳಿವೆ, ನೂರ ಹದಿನಾಲ್ಕು ಜನ ಮಾಲೀಕರಿದ್ದಾರೆ. ಕಟ್ಟಡ ಸತ್ತು ಹತ್ತು ವರ್ಷವಾಗಿತ್ತು. ಈಗ ಕ್ವಾಲಾಲಂಪುರದ ಕಂಪನಿಯೊಂದು ಅದನ್ನು ಇಡಿಯಾಗಿ ಕೊಂಡು ಮುದುಕರ ಆರೈಕೆಯ ಮನೆ ಮಾಡುತ್ತೇನೆಂದು ಮುಂದೆ ಬಂದಿತ್ತು. ಊರಲ್ಲಿ ಅಂಗಡಿಗೆ ಹೋಗುವವರಿಗಿಂತ ಮುದುಕರೇ ಹೆಚ್ಚಾಗಿದ್ದರಿಂದ ಲೆಕ್ಕ ಸರಿಯಾಗಿಯೇ ಇತ್ತು. ಕಂಪನಿಯ ಷರತ್ತು ಒಂದೇ: ಎಲ್ಲ ಮಾಲೀಕರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಒಬ್ಬರು ತಪ್ಪಿದರೂ ವ್ಯಾಪಾರ ಇಲ್ಲ. ಗಡುವು ಇವತ್ತು, ಶುಕ್ರವಾರ, ಸಂಜೆ ಐದು ಗಂಟೆ. ನೂರ ಹದಿಮೂರು ಸಹಿ ವಕೀಲರ ಕಪಾಟಿನಲ್ಲಿ ಭದ್ರವಾಗಿತ್ತು. ನೂರ ಹದಿನಾಲ್ಕನೆಯದು ಕಮ್ ಸೆಂಗ್‌ನದು. ಅವನು ಬುಧವಾರ ಬೆಳಿಗ್ಗೆ ತನ್ನ ಮಳಿಗೆಯ ಶಟರು ಎತ್ತುತ್ತಾ ಎದೆ ಹಿಡಿದುಕೊಂಡು ಕುಸಿದಿದ್ದ.

“ಸೋಮವಾರ ನನಗೆ ಬಾಯಿಬಿಟ್ಟು ಹೇಳಿದ್ದ,” ಎಂದರು ಚೆಗು. “‘ನಂದು ಮನೇಲೇ ಹಾಕಿ ಇಟ್ಟಿರ್ತೀನಿ, ಸಾಕ್ಷಿ ನೀವು ಆಮೇಲೆ ಹಾಕಿ’ ಅಂತ. ಹಾಕಿದ್ನೋ ಇಲ್ವೋ ಅನ್ನೋದೇ ಪ್ರಶ್ನೆ.”

“ಹಾಕಿಲ್ಲದೆ ಹೋಗಿದ್ರೆ ಅಕ್ಕ ಹಾಕಬಹುದಲ್ಲ? ಹೆಂಡ್ತಿ ತಾನೆ?”

“ಆಗಲ್ಲ ಲೀಲಾ. ಮಳಿಗೆ ಅವನೊಬ್ಬನ ಹೆಸರಲ್ಲಿದೆ. ಬದುಕಿದ್ದಾಗ ಹಾಕಿದ ಸಹಿ ಇದ್ರೆ ಮನೆಯವರನ್ನೂ ಕಟ್ಟಿಹಾಕುತ್ತೆ, ವ್ಯಾಪಾರ ನಡೆಯುತ್ತೆ. ಇಲ್ಲಾಂದ್ರೆ ಕೋರ್ಟಿಂದ ವಾರಸು ಪತ್ರ ಬರಬೇಕು. ಆರು ತಿಂಗಳು, ಒಂದು ವರ್ಷ. ಕಂಪನಿಯವರು ಐದೂ ಕಾಲಿಗೆ ಗಂಟುಮೂಟೆ ಕಟ್ತಾರೆ. ತೈಪಿಂಗಿನಲ್ಲಿ ಇನ್ನೊಂದು ಕಟ್ಟಡ ನೋಡಿಟ್ಟಿದ್ದಾರಂತೆ.”

ಪುಷ್ಪಲೀಲಾ ಬೆವರು ಒರೆಸಿಕೊಂಡಳು. ಪ್ಲಾಜಾದ ಎರಡನೆಯ ಮಹಡಿಯಲ್ಲಿ ಅವಳದು ಹೊಲಿಗೆ ಅಂಗಡಿ. ಆರು ವರ್ಷದಿಂದ ಒಂದು ರವಿಕೆ ಹೊಲಿಸಲೂ ಯಾರೂ ಮೆಟ್ಟಿಲು ಹತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಂಡ ಗಂಡನನ್ನು ಕರೆದುಕೊಂಡು ಹೋಗಿ ಮಳಿಗೆಯ ದುಡ್ಡು ಬರುವುದೆಂದು ನಂಬಿ ಹೋದ ವಾರ ತಾನೇ ಕೃತಕ ಕಾಲಿಗೆ ಅಳತೆ ಕೊಟ್ಟು ಬಂದಿದ್ದಳು.

“ನೀವೇ ಕೇಳಿ ಚೆಗು. ನನಗೆ ಬಾಯಿ ಬರಲ್ಲ.”

“ನನಗೆ ಮಾತ್ರ ಬರುತ್ತಾ?”

ಕಮ್ ಸೆಂಗ್‌ನ ಹೆಂಡತಿ ಸೌ ಯಿಂಗ್ ತಲೆಗೆ ಸೂತಕದ ಗೋಣಿಯ ಕುಲಾವಿ ಹಾಕಿಕೊಂಡು ಚಿನ್ನದ ಬಣ್ಣದ ಕಾಗದ ಮಡಿಸುತ್ತಾ ಕೂತಿದ್ದಳು. ಸತ್ತವರಿಗೆ ಅಲ್ಲಿ ಖರ್ಚಿಗಾಗಲಿ ಎಂದು ಸುಡುವ ಕಾಗದ. ಮೂರು ದಿನದಿಂದ ಅವಳು ಅತ್ತಿರಲಿಲ್ಲ. ನೆಂಟರು ಅದನ್ನು ಗಮನಿಸಿ ಗುಸುಗುಸು ಮಾಡಿದ್ದೂ ಆಗಿತ್ತು.

ಚೆಗು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಾವೂ ಒಂದು ಕಾಗದ ಮಡಿಸಲು ನೋಡಿ ಹರಿದರು. “ಅಮ್ಮಾ... ಇವತ್ತು ಕೇಳಬಾರದ್ದು. ಆದ್ರೆ...”

“ಫೈಲು ಮನೇಲೇ ಇದೆ, ಚೆಗು. ಮೊದಲು ಅವರನ್ನ ಕಳಿಸಿ ಬರೋಣ.”

“ಸಹಿ?”

ಅವಳು ಹರಿದ ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡಳು. “ನಾಲ್ಕು ಗಂಟೆಗೆ ಬನ್ನಿ,” ಎಂದಳು.

*

ಕಮ್ ಸೆಂಗ್ ಹುಟ್ಟಾ ದುಡ್ಡಿನವನಲ್ಲ. ತವರದ ಗಣಿಯಲ್ಲಿ, ಕೆರೆಯಷ್ಟು ನೀರಿನ ಮೇಲೆ ತೇಲುತ್ತಾ ಮಣ್ಣು ಅಗೆಯುವ ದೊಡ್ಡ ಯಂತ್ರದ ಮೇಲೆ ಮೆಕ್ಯಾನಿಕ್ಕಾಗಿದ್ದ. ಬಕೆಟ್ಟುಗಳ ಸರಪಳಿ ಒಂದು ದಿನ ಬಲಗೈಯ ಎರಡು ಬೆರಳು ತಿಂದುಹಾಕಿತು. ಅಂದಿನಿಂದ ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಪೆನ್ನು ಸಿಕ್ಕಿಸಿಕೊಂಡು ಬರೆಯುತ್ತಿದ್ದ. ಎಂಬತ್ತೈದರಲ್ಲಿ ತವರದ ಬೆಲೆ ನೆಲ ಕಚ್ಚಿತು. ಗಣಿ ಮುಚ್ಚಿತು, ಯಂತ್ರ ನಿಂತಲ್ಲೇ ತುಕ್ಕು ಹಿಡಿಯಿತು. ಆಮೇಲೆ ಕೈಗವಸಿನ ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದ. ದುಡಿಮೆ ಅನ್ನುವುದು ಯಾರದೋ ಬೆಲೆಪಟ್ಟಿಯ ಮೇಲೆ ನಿಂತಿರುತ್ತದೆ, ಬಾಡಿಗೆ ಮಾತ್ರ ತಾನಾಗಿ ಬರುತ್ತದೆ ಎಂಬುದೊಂದು ಅವನ ತಲೆಯಲ್ಲಿ ಕೂತುಬಿಟ್ಟಿತು.

ತೊಂಬತ್ತೈದರ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದವನು ಬಟ್ಟಲಿನ ಪಕ್ಕ ಒಂದು ಬಣ್ಣದ ಪುಸ್ತಕ ಇಟ್ಟ. ಅದರಲ್ಲಿ ಪರ್ಮಾತಾ ಪ್ಲಾಜಾದ ಚಿತ್ರವಿತ್ತು. ಕಾರಂಜಿ, ಎಸ್ಕಲೇಟರು, ಬಲೂನು ಹಿಡಿದ ಮಕ್ಕಳು.

“ಒಂದು ಮಳಿಗೆ ಹಿಡಿದೆ. ಮೊದಲನೇ ಮಹಡಿ. ತೊಂಬತ್ತೆಂಟು ಸಾವಿರ ರಿಂಗಿಟ್. ಮೂರು ವರ್ಷ ಎಂಟು ಪರ್ಸೆಂಟು ಬಾಡಿಗೆ ಅವರೇ ಕೊಡ್ತಾರೆ, ಬರವಣಿಗೇಲಿ ಇದೆ.”

ಸೌ ಯಿಂಗ್ ಸೌಟು ಕೆಳಗಿಟ್ಟಳು. “ಹಿಡಿದೆ ಅಂದ್ರೆ? ನೋಡಿ ಬಂದ್ರಾ, ಸಹಿ ಹಾಕಿ ಬಂದ್ರಾ?”

“ಹಾಕಿದೆ.”

“ನನಗೊಂದು ಮಾತು ಹೇಳ್ದೆ?”

“ಹೇಳಿದ್ರೆ ಬೇಡ ಅಂತಿದ್ದೆ.”

“ಪಂಚಾಂಗ ಆದ್ರೂ ನೋಡಿದ್ರಾ?”

“ಬ್ಯಾಂಕಿನವನು ನೋಡಿರ್ತಾನೆ ಬಿಡು.”

ಅವಳು ಎದ್ದು ಹೋಗಿ ಕೆಂಪು ರಟ್ಟಿನ ಪಂಚಾಂಗ ತಂದು ಬಿಡಿಸಿದಳು. ಮದುವೆ, ಮನೆ, ಅಂಗಡಿ ಪ್ರಾರಂಭ, ಹಲ್ಲು ಕೀಳಿಸುವುದು ಕೂಡ ಅವಳಿಗೆ ಅದರಲ್ಲಿ ನೋಡದೆ ಆಗದು. ಆ ದಿನದ ಸಾಲು ಓದಿದಳು. ಕರಾರಿಗೆ ಒಳ್ಳೆಯದಲ್ಲ, ಒಲೆ ಹೂಡುವುದಕ್ಕೆ ಒಳ್ಳೆಯದಲ್ಲ. ಕ್ಷೌರಕ್ಕೆ ಮಾತ್ರ ಒಳ್ಳೆಯದು.

“ಸರಿಯಾಗೇ ಆಗಿದೆ ಬಿಡಿ. ನುಣ್ಣಗೆ ಬೋಳಿಸಿ ಕಳಿಸಿದ್ದಾರೆ,” ಎಂದಳು. ಆಮೇಲೆ ಎರಡು ತಿಂಗಳು ಗಂಡನ ಜೊತೆ ಮಾತು ಬಿಟ್ಟಳು.

ಹದಿನಾಲ್ಕು ತಿಂಗಳು ಎಂಟು ಪರ್ಸೆಂಟು ಬಂತು. ತೊಂಬತ್ತೇಳರಲ್ಲಿ ರಿಂಗಿಟ್ ಕುಸಿಯಿತು, ಬಡ್ಡಿ ಏರಿತು, ಕಟ್ಟಿದ ಕಂಪನಿ ಬಾಗಿಲು ಹಾಕಿಕೊಂಡು ಎಲ್ಲಿಗೋ ಹೋಯಿತು. ಮೊದಲ ಬಾಡಿಗೆದಾರ ಪೇಜರ್ ಮಾರುವವನು. ಪೇಜರ್ ಹೋಯಿತು, ಅವನೂ ಹೋದ. ಸಿನಿಮಾ ಸಿ.ಡಿ. ಮಾರುವವನು ಬಂದ. ಆಮೇಲೆ ಇಂಟರ್ನೆಟ್ ಅಂಗಡಿ, ಪಾದ ಒತ್ತುವವರು, ಮೊಬೈಲ್ ಕವರು. ಕಾಲ ಬದಲಾದಾಗಲೆಲ್ಲ ಅದರ ಮೊದಲ ಏಟು ಬಿದ್ದದ್ದು ಕಮ್ ಸೆಂಗ್‌ನ ನೂರ ಎಂಬತ್ತು ಚದರಡಿಗೆ. ಒಬ್ಬೊಬ್ಬ ಬಾಡಿಗೆದಾರ ಖಾಲಿ ಮಾಡಿದಾಗಲೂ ಸೌ ಯಿಂಗ್ ತಪ್ಪದೆ ಕೇಳುತ್ತಿದ್ದಳು. “ಪಂಚಾಂಗ ಏನಂದಿತ್ತು?”

ಹೆದ್ದಾರಿಯ ಪಕ್ಕ ದೊಡ್ಡ ಮಾಲು ಎದ್ದ ಮೇಲೆ ಪರ್ಮಾತಾದ ಎಸ್ಕಲೇಟರು ನಿಂತಿತು. ಮಹಾಮಾರಿಯ ವರ್ಷ ಉಳಿದ ದೀಪಗಳೂ ಆರಿದವು. ಆದರೂ ಕಮ್ ಸೆಂಗ್ ದಿನಾ ಬೆಳಿಗ್ಗೆ ಹತ್ತಕ್ಕೆ ಹೋಗಿ ಶಟರು ಎತ್ತುತ್ತಿದ್ದ. ಒಂದು ಸ್ಟೂಲು, ಒಂದು ಫ್ಲಾಸ್ಕು. ತನ್ನದರ ಮುಂದೆ ಗುಡಿಸಿ, ಬಾಗಿಲು ಹಾಕಿದ ಅಕ್ಕಪಕ್ಕದವರ ಮುಂದೆಯೂ ಗುಡಿಸುತ್ತಿದ್ದ. ಯಾರಾದರೂ ಯಾಕೆ ಎಂದರೆ “ಗಾಳಿ ಆಡಲಿ” ಎನ್ನುತ್ತಿದ್ದ. ಮೂಲೆಯ ಮಳಿಗೆಯಲ್ಲಿ ಹಳೆಯ ಪುಸ್ತಕ ಮಾರುತ್ತಿದ್ದ ಚೆಗು ಮೊದಲು ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಮೂರನೆಯ ವಾರ ತಾವೂ ಒಂದು ಸ್ಟೂಲು ತಂದರು.

*

ಮಧ್ಯಾಹ್ನ ಒಂದಕ್ಕೆ ಮೆರವಣಿಗೆ ಹೊರಟಿತು. ಚೆಗು ಬೀದಿಯ ಕೊನೆಯವರೆಗೆ ನಡೆದು ಬಂದು, ಶುಕ್ರವಾರದ ನಮಾಜಿಗೆ ಹೊತ್ತಾಯಿತೆಂದು ಮಸೀದಿಯ ಕಡೆ ತಿರುಗಿದರು. ಪುಷ್ಪಲೀಲಾ ಚಿತಾಗಾರಕ್ಕೆ ಹೊರಟ ಬಸ್ಸಿನಲ್ಲಿ ಸೌ ಯಿಂಗ್‌ನ ಹಿಂದಿನ ಸೀಟಿನಲ್ಲಿ ಕೂತಳು.

ಮಗಳು ಮೇ ಕ್ವಾನ್ ತಾಯಿಯ ಭುಜಕ್ಕೆ ತಲೆ ಕೊಟ್ಟಿದ್ದಳು. ತೈಪಿಂಗಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ ಅವಳಿಗೆ ಬಿಡಿಸಿ ಬಿಡಿಸಿ ಮಾತಾಡಿ ರೂಢಿ.

“ಅಮ್ಮ, ನಾಳೆ ನಾಡಿದ್ದು ಅನ್ನದೆ ಇವತ್ತೇ ಮಾಡೋಣ ಅಂದಿದ್ದು ಯಾರು?”

“ಪುರೋಹಿತ. ಪಂಚಾಂಗದಲ್ಲಿ ಇವತ್ತು ಒಳ್ಳೇ ದಿನ.”

“ಯಾತಕ್ಕೆ?”

“ಶವಸಂಸ್ಕಾರಕ್ಕೆ,” ಎಂದು ಸೌ ಯಿಂಗ್ ಕಿಟಕಿಯ ಹೊರಗೆ ನೋಡಿದಳು. “ಕರಾರಿಗೂ,” ಎಂದಳು.

ಪುಷ್ಪಲೀಲಾಗೆ ಹಿಂದಿನಿಂದ ಅದು ಕೇಳಿಸಿ ಮನಸ್ಸು ಹಗುರಾಯಿತು. ಒಳ್ಳೆಯ ಶಕುನ ಎಂದುಕೊಂಡಳು.

“ಅಪ್ಪ ಸಹಿ ಹಾಕಿದ್ರಾ?” ಮೇ ಕ್ವಾನ್ ದನಿ ತಗ್ಗಿಸಿ ಕೇಳಿದಳು. “ಹಾಕಿರ್ತಾರೆ. ಪಾಪ, ಒಂದು ವರ್ಷ ಊರೂರು ಸುತ್ತಿದ್ರಲ್ಲ. ಬೇರೆಯವರದ್ದನ್ನೆಲ್ಲ ಹಾಕಿಸಿ ತಮ್ಮದು ಮರೀತಾರಾ?”

ಸೌ ಯಿಂಗ್ ತಲೆಯ ಕುಲಾವಿ ಸರಿಪಡಿಸಿಕೊಂಡಳು. ಗುಟ್ಟಾಗಿಡಬೇಕೆಂದಲ್ಲ, ಹೇಳಲು ಬಾಯಿ ಬರಲಿಲ್ಲ.

ಚಿತಾಗಾರದಲ್ಲಿ ಎಲ್ಲ ಬೇಗ ಮುಗಿಯಿತು. ಒಂದು ಗುಂಡಿ ಒತ್ತಿದರು, ಒಂದು ಬಾಗಿಲು ಮುಚ್ಚಿತು. ಪುರೋಹಿತ ಮಗಳ ಕೈಯಲ್ಲಿ “ಅಪ್ಪಾ, ಬೆಂಕಿ ಬಂತು, ಓಡಿ” ಎಂದು ಕೂಗಿಸಿದ. ಸುಡುವಾಗ ಸತ್ತವರ ಆತ್ಮವನ್ನು ಹಾಗೆ ಕೂಗಿ ಎಚ್ಚರಿಸಬೇಕು. ಮೇ ಕ್ವಾನ್ ಕೂಗಿ ಕುಸಿದು ಕೂತು ಅತ್ತಳು. ಸೌ ಯಿಂಗ್ ಮಗಳ ಬೆನ್ನು ಸವರುತ್ತಾ ನಿಂತಿದ್ದಳು, ಕಣ್ಣು ಒಣಗಿಯೇ ಇತ್ತು.

*

ನೂರ ಹದಿನಾಲ್ಕು ಮಾಲೀಕರನ್ನು ಹುಡುಕುವುದು ಹುಡುಗಾಟವಾಗಿರಲಿಲ್ಲ. ಅರ್ಧ ಜನ ವಿಳಾಸ ಬದಲಿಸಿದ್ದರು, ಹಲವರು ಮಳಿಗೆಯ ಮೇಲಿನ ಆಸೆ ಬಿಟ್ಟು ಕಟ್ಟಡದ ನಿರ್ವಹಣೆಯ ಶುಲ್ಕ ಕಟ್ಟುವುದನ್ನೂ ನಿಲ್ಲಿಸಿದ್ದರು. ವಕೀಲರು ಪತ್ರ ಕಳಿಸಿ ಕೈ ತೊಳೆದುಕೊಂಡರು. ಕಮ್ ಸೆಂಗ್ ಮತ್ತು ಚೆಗು ಚೆಗುವಿನ ಹಳೆಯ ಕಾರು ಹತ್ತಿದರು. ಅದರ ಎ.ಸಿ. ಕೆಟ್ಟು ಯಾವ ಕಾಲವಾಗಿತ್ತೋ. ಕಿಟಕಿ ಇಳಿಸಿಕೊಂಡು, ನೀಲಿ ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ಕಮ್ ಸೆಂಗ್ ಹಳೆಯ ಮಾಲೀಕರ ಮನೆ ಬಾಗಿಲು ತಟ್ಟುತ್ತಾ ಹೋದ. ಅವನು ಮಾತಾಡುವುದು, ಚೆಗು ಸಾಕ್ಷಿ ಹಾಕುವುದು.

“ತೊಂಬತ್ತೆಂಟಕ್ಕೆ ಕೊಂಡು ಅರವತ್ತೊಂದಕ್ಕೆ ಮಾರೋದಾ? ಹುಚ್ಚಾ?” ಎಂದು ಒಬ್ಬ ಬೈದ.

“ಅರವತ್ತೊಂದು ದುಡ್ಡು. ತೊಂಬತ್ತೆಂಟು ಬರೀ ನೆನಪು,” ಎಂದ ಕಮ್ ಸೆಂಗ್. ಬೈದವನು ಸಹಿ ಹಾಕಿದ.

ಬಾತು ಗಾಜಾ ಊರಿನ ಒಬ್ಬ ಮುದುಕಿಗೆ ತನಗೊಂದು ಮಳಿಗೆ ಇದೆಯೆಂಬುದೇ ಮರೆತುಹೋಗಿತ್ತು. ಇವರು ಹಣ ವಸೂಲಿಗೆ ಬಂದವರೆಂದು ಹೆದರಿ ಬಾಗಿಲು ಹಾಕಿಕೊಂಡಳು. ಕಮ್ ಸೆಂಗ್ ಮೂರು ಸಲ ಹೋದ. ಮೂರನೆಯ ಸಲ ಅವಳ ಸೋರುವ ನಲ್ಲಿ ರಿಪೇರಿ ಮಾಡಿಕೊಟ್ಟ. ಕಳೆದ ಸೋಮವಾರ ಸಿಕ್ಕ ಆ ಸಹಿಯೇ ನೂರ ಹದಿಮೂರನೆಯದು.

ಮಂಗಳವಾರ ಮಧ್ಯಾಹ್ನ ಅವನು ಅಡುಗೆಮನೆಯ ಮೇಜನ್ನು ಒರೆಸಿ, ತನ್ನ ಕಾಗದ ಹರಡಿ, ಪೆನ್ನಿನ ಕ್ಯಾಪು ತೆಗೆದು ಕೂಗಿದ. “ಬಾರೇ, ನೋಡು. ಹಗ್ಗಕ್ಕೆ ಕತ್ತು ಕೊಟ್ಟೋನೂ ನಾನೇ, ಬಿಡಿಸ್ಕೊಳ್ಳೋನೂ ನಾನೇ.”

ಸೌ ಯಿಂಗ್ ಕೈ ಒರೆಸಿಕೊಂಡು ಬಂದಳು. ಅವಳ ಕಣ್ಣು ಮೊದಲು ಹೋದದ್ದು ಗೋಡೆಯ ಪಂಚಾಂಗಕ್ಕೆ.

“ತಡೀರಿ, ತಡೀರಿ. ಇವತ್ತು ಒಳ್ಳೇದಿಲ್ಲ.”

“ಅಯ್ಯೋ, ಸುಮ್ನಿರೇ.”

“ಹಾಕ್ಕೊಳ್ಳುವಾಗ ನನ್ನ ಮಾತು ಕೇಳಲಿಲ್ಲ. ಬಿಡಿಸ್ಕೊಳ್ಳುವಾಗಲಾದ್ರೂ ಕೇಳ್ರಿ. ಬುಧವಾರ ಬೇಡ, ಗುರುವಾರ ಪೂರಾ ಕೆಟ್ಟದ್ದು. ಶುಕ್ರವಾರ ನೋಡಿ, ಕರಾರಿಗೆ ಇಷ್ಟು ಒಳ್ಳೇ ದಿನ ಈ ತಿಂಗಳಲ್ಲಿ ಇನ್ನೊಂದಿಲ್ಲ.”

“ಶುಕ್ರವಾರ ಕೊನೇ ದಿನ ಕಣೇ.”

“ಬೆಳಿಗ್ಗೆ ಎದ್ದು ಹಾಕಿ. ಹತ್ತು ಗಂಟೆಗೆ ಕೊಟ್ಟು ಬನ್ನಿ. ಸಂಜೆ ತನಕ ಹೊತ್ತಿದೆ.”

ಅವನು ಪೆನ್ನು ಹಿಡಿದ ಕೈಯನ್ನು ಹಾಗೇ ಕಾಗದದ ಮೇಲಿಟ್ಟುಕೊಂಡು ಅವಳ ಮುಖ ನೋಡಿದ. ಆಮೇಲೆ ನಕ್ಕುಬಿಟ್ಟ. “ಇಪ್ಪತ್ತೊಂಬತ್ತು ವರ್ಷ ಬೈಸ್ಕೊಂಡಿದ್ದೀನಿ. ಇನ್ನ ಮೂರು ದಿನ ಏನು ಮಹಾ.”

ಕ್ಯಾಪು ಮುಚ್ಚಿದ. ಸೌ ಯಿಂಗ್ ಶುಕ್ರವಾರದ ಸುತ್ತ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಬರೆದಳು. ಗಂಡ ಹೆಂಡಿರು ಅಂದು ತುಂಬಾ ದಿನದ ಮೇಲೆ ಒಟ್ಟಿಗೆ ಕೂತು ಕಾಫಿ ಕುಡಿದರು.

*

ಮನೆಗೆ ಬಂದಾಗ ನಾಲ್ಕಾಗಲು ಹತ್ತು ನಿಮಿಷ. ಗೇಟಿನ ಬಳಿ ಇಟ್ಟಿದ್ದ ಚಕ್ಕೋತದ ಎಲೆ ಹಾಕಿದ ನೀರಿನಲ್ಲಿ ಎಲ್ಲರೂ ಸಾವಿನ ಮೈಲಿಗೆ ಕಳೆಯಲೆಂದು ಮುಖ ತೊಳೆದುಕೊಂಡರು. ಸೌ ಯಿಂಗ್ ಒಳಗೆ ಹೋಗಿ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಳು.

ನೀಲಿ ಫೈಲು ಅವಳ ದಿಂಬಿನ ಕೆಳಗೇ ಇತ್ತು. ಬುಧವಾರ ಆಸ್ಪತ್ರೆಯಿಂದ ಬಂದವಳೇ ಅಲ್ಲಿ ತುರುಕಿದ್ದಳು. ಒಳಗಿನ ಕಾಗದದಲ್ಲಿ ಅವನ ಹೆಸರಿತ್ತು, ಮಳಿಗೆಯ ಸಂಖ್ಯೆಯಿತ್ತು. ಸಹಿಯ ಜಾಗ ಖಾಲಿ, ದಿನಾಂಕದ ಜಾಗ ಖಾಲಿ. ಖಾಲಿ ಜಾಗದ ಒಂದು ಮೂಲೆಯಲ್ಲಿ ಅವನು ಮಂಗಳವಾರ ಪೆನ್ನು ಊರಿದ್ದ ಚಿಕ್ಕ ಚುಕ್ಕೆ ಉಳಿದಿತ್ತು.

ಅವಳು ಹಳೆಯ ಟೈಗರ್ ಬಿಸ್ಕತ್ತಿನ ಡಬ್ಬದಿಂದ ತೊಂಬತ್ತೈದರ ಖರೀದಿ ಪತ್ರ ತೆಗೆದು ಪಕ್ಕದಲ್ಲಿಟ್ಟುಕೊಂಡಳು. ಅದರಲ್ಲಿ ಅವನ ಸಹಿ ಇತ್ತು, ಸೊಟ್ಟಗೆ, ಮೇಲಕ್ಕೆ ಹತ್ತುವ ಹಾಗೆ. ಒಂದು ಹಳೆಯ ಲಕೋಟೆಯ ಮೇಲೆ ಬರೆದು ನೋಡಿದಳು. ಸರಿ ಬರಲಿಲ್ಲ, ತೀರಾ ಅಂದವಾಗಿತ್ತು. ಎರಡನೆಯ ಸಲವೂ ಹಾಗೇ. ಆಗ ತೋರುಬೆರಳನ್ನೂ ನಡುಬೆರಳನ್ನೂ ಅಂಗೈಗೆ ಮಡಿಸಿಕೊಂಡು, ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಪೆನ್ನು ಸಿಕ್ಕಿಸಿದಳು. ಪೆನ್ನು ನಿಲ್ಲಲೇ ಇಲ್ಲ. ನಲವತ್ತು ವರ್ಷ ಅವನು ಹೀಗೆ ಹೇಗೆ ಬರೆದ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ನಿಧಾನವಾಗಿ, ಉಸಿರು ಹಿಡಿದು, ಆ ಚುಕ್ಕೆಯಿಂದಲೇ ಶುರು ಮಾಡಿ ಬರೆದಳು.

ದಿನಾಂಕಕ್ಕೆ ಬಂದಾಗ ಕೈ ನಿಂತಿತು. ಆಮೇಲೆ ಮಂಗಳವಾರದ ತಾರೀಖು ಹಾಕಿದಳು.

ಚೆಗು ಅಡುಗೆಮನೆಯಲ್ಲಿ ಕಾಯುತ್ತಿದ್ದರು. ಹೊರಗೆ ಪುಷ್ಪಲೀಲಾ ಸ್ಕೂಟರಿನ ಮೇಲೆ ಕೂತೇ ಇದ್ದಳು. ವಕೀಲರ ಕಚೇರಿಗೆ ಹದಿನೈದು ನಿಮಿಷದ ದಾರಿ. ಸೌ ಯಿಂಗ್ ಕಾಗದವನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತಳು.

ಚೆಗು ಕನ್ನಡಕ ಏರಿಸಿ ನೋಡಿದರು. ಕಿರುಬೆರಳಿನ ತುದಿಯಿಂದ ಸಹಿಯನ್ನು ಮುಟ್ಟಿದರು. ಬೆರಳಿಗೆ ನೀಲಿ ಹತ್ತಿತು.

“ಅಮ್ಮಾ,” ಎಂದರು. “ಮೂವತ್ತೊಂದು ವರ್ಷ ಸ್ಕೂಲಲ್ಲಿದ್ದೆ. ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ತಾವೇ ಗೀಚ್ಕೊಂಡು ಬಂದ ಎಷ್ಟು ಮಕ್ಕಳ ಕಿವಿ ಹಿಂಡಿದ್ದೀನಿ ಅಂತ ಲೆಕ್ಕ ಇಲ್ಲ.”

“ನನ್ನ ಕಿವೀನೂ ಹಿಂಡಿ.”

ಚೆಗು ಕಾಗದವನ್ನು ಅವಳ ಕಡೆ ತಳ್ಳಿದರು. “ಇವತ್ತು ಶುಕ್ರವಾರ ಬೇರೆ. ಈಗ ತಾನೇ ನಮಾಜು ಮುಗಿಸಿ ಬಂದಿದ್ದೀನಿ. ಇದರ ಕೆಳಗೆ ‘ನನ್ನ ಎದುರಿಗೆ ಸಹಿ ಹಾಕಿದರು’ ಅಂತ ನಾನು ಬರೀಬೇಕು.”

“ಪೆನ್ನು ಅವರ ಕೈಯಲ್ಲಿತ್ತು, ಚೆಗು,” ಎಂದಳು ಸೌ ಯಿಂಗ್. “ಇದೇ ಮೇಜು. ಕ್ಯಾಪು ತೆಗೆದಾಗಿತ್ತು. ನಾನು ಪಂಚಾಂಗ ನೋಡಿ ಬೇಡ ಅಂದೆ. ಶುಕ್ರವಾರ ಹಾಕಿ ಅಂದೆ. ಮೊದಲನೇ ಸಲ ನನ್ನ ಮಾತು ಕೇಳಿದ್ರು. ಒಂದೇ ಒಂದು ಸಲ ಕೇಳಿದ್ರು.”

ಹೊರಗೆ ಶಾಮಿಯಾನದವರು ಕಬ್ಬಿಣದ ಕಂಬ ಬಿಚ್ಚಿ ಲಾರಿಗೆ ಎಸೆಯುತ್ತಿದ್ದರು. ಪುಷ್ಪಲೀಲಾ ಒಮ್ಮೆ ಹಾರ್ನ್ ಹೊಡೆದಳು. ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತೈದು.

“ಯಾರಿಗಾದ್ರೂ ಹೇಳಿದ್ದೀರಾ?”

“ಇಲ್ಲ. ಮಗಳಿಗೂ ಇಲ್ಲ.”

ಚೆಗು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಕಾಗದವನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು.

“ಸುಳ್ಳು ಹೇಳೋದಾದ್ರೆ ನೆಟ್ಟಗೆ ಹೇಳಬೇಕು. ನಾಳೆ ವಕೀಲರು ಕರೆದು ಕೇಳಿದ್ರೆ ನೀವೊಂದು ನಾನೊಂದು ಹೇಳಬಾರದು. ಮಂಗಳವಾರ ನಾನು ಇಲ್ಲಿಗೆ ಎಷ್ಟು ಗಂಟೆಗೆ ಬಂದೆ?”

ಸೌ ಯಿಂಗ್ ಕಣ್ಣು ಮಿಟುಕಿಸಿದಳು. “ನೀವು ಅವತ್ತು ಎಲ್ಲಿದ್ರಿ?”

“ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದೆ. ಹನ್ನೊಂದಕ್ಕೆ.”

“ಹಾಗಾದ್ರೆ ನಾಲ್ಕಕ್ಕೆ ಬಂದ್ರಿ.”

“ಬಾಯಿ ಊದಿತ್ತು.”

“ಹೌದು, ಊದಿತ್ತು. ಅವರು ನೋಡಿ ನಕ್ಕರು.”

“ನಗೋನೇ ಅವನು. ಕಾಫಿ ಕೊಟ್ರಾ?”

“ಹಂದಿ ಸೋಕಬಾರದು ಅಂತ ನಿಮಗೇ ಬೇರೆ ಇಟ್ಟಿರೋ ಗಾಜಿನ ಲೋಟದಲ್ಲಿ. ಆರಿಸಿ ಕೊಟ್ಟೆ.”

“ನಾನೆಲ್ಲಿ ಕೂತಿದ್ದೆ?”

“ಅಲ್ಲೇ. ಅವರು ಇಲ್ಲಿ,” ಎಂದು ಅವಳು ತಾನು ಕೂತಿದ್ದ ಕುರ್ಚಿ ಮುಟ್ಟಿ ತೋರಿಸಿದಳು. “ಕಾಗದ ನೆನೆಯುತ್ತೆ ಅಂತ ಲೋಟ ಪಕ್ಕಕ್ಕೆ ಸರಿಸಿದ್ರು. ಆಮೇಲೆ ಹಾಕಿದ್ರು.”

“ಹಾಕುವಾಗ ಏನಾದ್ರೂ ಅಂದ್ನಾ?”

ಅವಳು ಯೋಚಿಸಿದಳು. ಯೋಚಿಸುತ್ತಿದ್ದಂತೆ ಅವಳ ಮುಖ ಸಡಿಲವಾಯಿತು. “‘ನೋಡಿದ್ರಾ ಚೆಗು, ಕೈ ನಡುಗಲಿಲ್ಲ’ ಅಂದ್ರು. ‘ನಾಳೆಯಿಂದ ಬೆಳಿಗ್ಗೆ ಎಲ್ಲಿಗೆ ಹೋಗೋಣ?’ ಅಂತ ನಿಮ್ಮನ್ನ ಕೇಳಿದ್ರು.”

ಚೆಗು ಸಾಕ್ಷಿಯ ಸಾಲಿನಲ್ಲಿ ಪೆನ್ನು ಇಟ್ಟವರು ಅಲ್ಲೇ ನಿಲ್ಲಿಸಿದರು. “ನಾನೇನಂದೆ?”

“‘ನಮ್ಮ ಮನೆಗೆ ಬಾ’ ಅಂದ್ರಿ.”

“ಅಂದೆ,” ಎಂದರು ಚೆಗು. ಸಹಿ ಹಾಕಿದರು. ಹೆಸರು ಬರೆದರು. ಕೈಚೌಕ ತೆಗೆದು ಮೂಗು ಒರೆಸಿಕೊಂಡರು. “ನಾನು ಹೊರಟಾಗ ಗೇಟಿನ ತನಕ ಬಂದ್ನಾ?”

ಸೌ ಯಿಂಗ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಮೂರು ದಿನದಿಂದ ಬರದಿದ್ದದ್ದೆಲ್ಲ ಒಟ್ಟಿಗೆ ಬಂದಂತೆ ಅತ್ತಳು. ಅಳುತ್ತಲೇ ತಲೆಯಾಡಿಸಿದಳು. “ಬಂದ್ರು,” ಎಂದಳು. “ಚಪ್ಪಲೀನೂ ಮೆಟ್ಕೊಳ್ದೆ ಬಂದ್ರು. ನೀವು ತಿರುವು ದಾಟೋ ತನಕ ಅಲ್ಲೇ ನಿಂತಿದ್ರು.”

ಚೆಗು ಫೈಲನ್ನು ಎದೆಗೆ ಅವಚಿಕೊಂಡು ಸ್ಕೂಟರಿನ ಹಿಂದೆ ಹತ್ತಿದರು. ಪುಷ್ಪಲೀಲಾ ಕೂತವರಿಗೆ ಸರಿಯಾಗಿ ಹಿಡಿದುಕೊಳ್ಳಿ ಎನ್ನುವ ಮೊದಲೇ ಗಾಡಿ ಬಿಟ್ಟಳು. ಅಡುಗೆಮನೆಯ ಕಿಟಕಿಯಿಂದ ಸೌ ಯಿಂಗ್ ನೋಡುತ್ತಿದ್ದಳು. ಕಂಬಗಳನ್ನೆಲ್ಲ ಕಿತ್ತ ಮೇಲೆ ಮನೆಯ ಮುಂದೆ ಬಿಸಿಲು ಬಿದ್ದಿತ್ತು, ಗೇಟಿನ ಹತ್ತಿರ ಯಾರೂ ಇರಲಿಲ್ಲ. ಸ್ಕೂಟರು ಬೀದಿಯ ತಿರುವಿಗೆ ಹೋಗಿ ನಿಧಾನವಾದಾಗ ಚೆಗು ಹಿಂದಕ್ಕೆ ತಿರುಗಿ, ಆ ಗೇಟಿನ ಕಡೆಗೆ ಕೈ ಎತ್ತಿದರು.